ಟೈಸನ್‌ನ ಪ್ರೈಮ್ ಮುಗಿದದ್ದು ಟೋಕಿಯೋದಲ್ಲಾ, ಅದಕ್ಕೂ ಮೊದಲೇನಾ?

ಸೌತ್‌ಪಾ ಸುಮಾ

ಹೆವಿವೇಟ್ ಬಾಕ್ಸರ್ ಮೈಕ್ ಟೈಸನ್‌ನ ಪ್ರೈಮ್, ಅಂದರೆ ಅತ್ಯುತ್ತಮ ಕಾಲ, ಯಾವಾಗ ಅಂತ ಯಾರನ್ನೇ ಕೇಳಿ, ಒಂದೇ ಉತ್ತರ: 1986ರಿಂದ 1988. ಟ್ರೆವರ್ ಬರ್ಬಿಕ್ ಫೈಟ್‌ನಿಂದ ಮೈಕಲ್ ಸ್ಪಿಂಕ್ಸ್ ಫೈಟ್‌ವರೆಗೆ. ಸರಿ. ಆದರೆ ವಯಸ್ಸು ಲೆಕ್ಕ ಹಾಕಿ ನೋಡಿ. ಅವನು ಹುಟ್ಟಿದ್ದು 1966ರ ಜೂನ್ 30. ಮೈಕಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮಲಗಿಸಿದಾಗ 22 ಕೂಡ ತುಂಬಿರಲಿಲ್ಲ. 1990ರ ಫೆಬ್ರವರಿ 11ರಂದು ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಕೈಯಲ್ಲಿ ಸೋತಾಗ 23. ಆ ವಯಸ್ಸಿಗೆ ಎಷ್ಟೋ ಹೆವಿವೇಟ್‌ಗಳು ಇನ್ನೂ ಸಣ್ಣಪುಟ್ಟ ಹಾಲ್‌ಗಳಲ್ಲಿ ಫೈಟ್ ಮಾಡುತ್ತಿರುತ್ತಾರೆ. ಇವನ ಪ್ರೈಮ್ ಮುಗಿದೇ ಹೋಗಿತ್ತು ಅನ್ನುತ್ತೇವಲ್ಲ, ಏನು ಮುಗಿದಿತ್ತು?

ಮೈಯಂತೂ ಅಲ್ಲ. ಬರ್ಬಿಕ್ ವಿರುದ್ಧ ಇದ್ದ ತೂಕವೂ ಡಗ್ಲಸ್ ವಿರುದ್ಧ ಇದ್ದ ತೂಕವೂ ಹೆಚ್ಚುಕಮ್ಮಿ ಒಂದೇ, 220 ಪೌಂಡ್ ಆಸುಪಾಸು. ಗಾಯ ಆಗಿ ವರ್ಷಗಟ್ಟಲೆ ಕೂತವನೂ ಅಲ್ಲ. 37 ಫೈಟ್, 37 ಗೆಲುವು.

ಈಗ ರಿಂಗ್ ಹೊರಗಿನ ತಾರೀಖು ನೋಡಿ. 1988ರ ಮಾರ್ಚ್ 21, ಇದೇ ಟೋಕಿಯೋ ಡೋಮ್‌ನಲ್ಲಿ ಟೋನಿ ಟಬ್ಸ್‌ನನ್ನು ಎರಡನೇ ರೌಂಡಿನಲ್ಲಿ ಮುಗಿಸಿದ. ಎರಡು ದಿನಕ್ಕೆ ಮ್ಯಾನೇಜರ್ ಜಿಮ್ ಜೇಕಬ್ಸ್ ತೀರಿಕೊಂಡರು. ಜೂನ್‌ನಲ್ಲಿ ಸ್ಪಿಂಕ್ಸ್. ಆಗಸ್ಟ್‌ನಲ್ಲಿ ಹಾರ್ಲೆಮ್‌ನ ಬೀದಿಯಲ್ಲಿ ಬಾಕ್ಸರ್ ಮಿಚ್ ಗ್ರೀನ್ ಜೊತೆ ಹೊಡೆದಾಡಿ ಕೈ ಮೂಳೆ ಮುರಿದುಕೊಂಡ. ವರ್ಷದ ಕೊನೆಗೆ ಟ್ರೇನರ್ ಕೆವಿನ್ ರೂನಿಯನ್ನು ತೆಗೆದು ಹಾಕಿದ. ಉಳಿದ ಮ್ಯಾನೇಜರ್ ಬಿಲ್ ಕೇಟನ್ ಜೊತೆ ಜಗಳ, ಪ್ರಮೋಟರ್ ಡಾನ್ ಕಿಂಗ್ ಒಳಗೆ ಬಂದ. ಒಂದು ವರ್ಷದೊಳಗೆ ಅವನ ಸುತ್ತ ಇದ್ದವರೆಲ್ಲ ಖಾಲಿ.

ನನ್ನ ಪ್ರಕಾರ ಪ್ರೈಮ್ ಮುಗಿದದ್ದು ಅಲ್ಲಿ. ಟೋಕಿಯೋದಲ್ಲಿ ಅದು ನಮಗೆ ಗೊತ್ತಾಯಿತು, ಅಷ್ಟೇ.

ಜ್ಯಾಬ್ ಜಗ್ಗ

ಶುರುವಾಯ್ತು ನೋಡಿ. ಟೈಸನ್ ಸೋತರೆ ಅದಕ್ಕೆ ಯಾವಾಗಲೂ ಬೇರೆ ಯಾರೋ ಕಾರಣ. ಮ್ಯಾನೇಜರ್ ಸತ್ತ, ಟ್ರೇನರ್ ಹೋದ, ಹೆಂಡತಿ ಸರಿ ಇಲ್ಲ. ಡಗ್ಲಸ್ ಚೆನ್ನಾಗಿ ಹೊಡೆದ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಡಗ್ಲಸ್‌ನ ಎತ್ತರ ಆರಡಿ ಮೂರಿಂಚಿಗೂ ಸ್ವಲ್ಪ ಜಾಸ್ತಿ. ಕೈ ಚಾಚಿದರೆ 83 ಇಂಚು. ಟೈಸನ್ ಐದಡಿ ಹತ್ತಿಂಚು, ಕೈ 71 ಇಂಚು. ಒಂದಡಿ ವ್ಯತ್ಯಾಸ ಸ್ವಾಮೀ! ಉದ್ದ ಕೈಯವನು ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ನೆಟ್ಟಗೆ ಹಾಕಿ, ಹಿಂದೆಯೇ ಬಲಗೈ ಬಿಟ್ಟು, ಹತ್ತಿರ ಬಂದಾಗ ತಬ್ಬಿಕೊಂಡರೆ ಗಿಡ್ಡ ಬಾಕ್ಸರ್ ಏನು ಮಾಡಬೇಕು? ಯಾರೂ ಹೆದರದೆ ಅದನ್ನು ಹತ್ತು ರೌಂಡ್ ಮಾಡಿರಲಿಲ್ಲ. ಡಗ್ಲಸ್ ಮಾಡಿದ. ಇನ್ನೊಂದು ವಿಷಯ: ಒಳಗೆ ನುಗ್ಗಿ ಹೊಡೆಯುವವರು ಬೇಗ ಸವೆಯುತ್ತಾರೆ. ಜೋ ಫ್ರೇಜಿಯರ್ ನೋಡಿ. 1971ರಲ್ಲಿ ಅಲಿಯನ್ನು ಸೋಲಿಸಿದ, 1973ರ ಜನವರಿಯಲ್ಲಿ ಫೋರ್‌ಮನ್ ಎದುರು ಎರಡು ರೌಂಡಿನಲ್ಲಿ ಆರು ಸಲ ಬಿದ್ದ. ಇದು ಸ್ಟೈಲಿನ ಕಥೆ. ಮನೆ ಕಥೆ ಅಲ್ಲ.

ಹಳೇ ಗ್ಲೌಸ್

ಜಗ್ಗ ಹೇಳಿದ ಸ್ಟೈಲಿನ ಮಾತು ಸರಿ. ಆದರೆ ಆ ಸ್ಟೈಲು ಎಲ್ಲಿಂದ ಬಂತು ಅಂತ ನೋಡಿದರೆ ಸುಮಾ ಅವರ ಮಾತಿಗೇ ಬಂದು ನಿಲ್ಲುತ್ತೀರಿ.

ನಾನು ಪ್ರೊ ಅಲ್ಲ, ಸರ್ವಿಸಸ್‌ನಲ್ಲಿ ಅಮೆಚೂರ್ ಆಡಿದವನು, ಈಗ ಹುಡುಗರಿಗೆ ಹೇಳಿಕೊಡುತ್ತೇನೆ. ಟೈಸನ್ ಆಡುತ್ತಿದ್ದ ಪೀಕಬೂ ಶೈಲಿ ನೋಡಲು ಸುಲಭ, ಉಳಿಸಿಕೊಳ್ಳುವುದು ಬಹಳ ಕಷ್ಟ. ಎರಡೂ ಗ್ಲೌಸ್ ಕೆನ್ನೆಗೆ ಅಂಟಿಸಿ, ಪ್ರತಿ ಹೆಜ್ಜೆಗೂ ತಲೆ ಪಕ್ಕಕ್ಕೆ ಹೋಗಬೇಕು. ಹೊಡೆಯುವ ಮೊದಲು ತಲೆ ಅಲ್ಲಾಡಬೇಕು, ಹೊಡೆದ ಮೇಲೂ ಅಲ್ಲಾಡಬೇಕು. ಇದರಲ್ಲಿ ಎರಡನೆಯದೇ ಮುಖ್ಯ. ಎಲ್ಲ ಹುಡುಗರೂ ಮೊದಲನೆಯದನ್ನು ಮಾಡುತ್ತಾರೆ. ಪಂಚ್ ಬಿದ್ದ ಖುಷಿಗೆ ಅಲ್ಲೇ ನಿಂತು ನೋಡುತ್ತಾರೆ, ವಾಪಸ್ ಒಂದು ಬೀಳುತ್ತದೆ.

ಟೈಸನ್‌ನನ್ನು ಬೆಳೆಸಿದ ಟ್ರೇನರ್ ಕಸ್ ಡಿ'ಅಮಾಟೊ ಪಂಚ್‌ಗಳಿಗೆ ನಂಬರ್ ಕೊಟ್ಟಿದ್ದರು. ಹಾಸಿಗೆ ಸುತ್ತಿದ ಒಂದು ಬ್ಯಾಗ್ ಮೇಲೆ ಮನುಷ್ಯನ ಆಕಾರ ಬರೆದು, ದವಡೆಗೊಂದು, ಪಕ್ಕೆಲುಬಿಗೊಂದು, ಲಿವರ್‌ಗೊಂದು ಅಂತ ನಂಬರ್ ಹಾಕಿಟ್ಟಿದ್ದರು. ನಂಬರ್ ಕೂಗಿದರೆ ಕೈ ಯೋಚಿಸದೆ ಅಲ್ಲಿಗೆ ಹೋಗಬೇಕು. ರೂನಿ ಕೂಡ ಕಸ್ ಹತ್ತಿರವೇ ಕಲಿತವರು, ಫೈಟ್ ನಡೆಯುವಾಗ ಕಾರ್ನರ್‌ನಿಂದ (ಬಾಕ್ಸರ್‌ನ ಕಡೆಯವರು ಇರುವ ರಿಂಗ್‌ನ ಮೂಲೆಯಿಂದ) ಅದೇ ನಂಬರ್ ಕೂಗುತ್ತಿದ್ದರು. ಆ ಧ್ವನಿ ಹೋದ ಮೇಲೆ ಟೈಸನ್ ಒಂದೊಂದೇ ಗುದ್ದಿಗೆ ಇಳಿದ. ಎಡ ಹುಕ್, ನಿಲ್ಲು. ಬಲಗೈ, ನಿಲ್ಲು. ತಾಕತ್ತು ಹಾಗೇ ಇತ್ತು, ಅದಕ್ಕೇ 1989ರಲ್ಲಿ ಕಾರ್ಲ್ ವಿಲಿಯಮ್ಸ್ 93 ಸೆಕೆಂಡಿನಲ್ಲಿ ಮುಗಿದ. ನೋಡಿದವರು 'ಏನೂ ಆಗಿಲ್ಲ, ಹಳೇ ಟೈಸನ್ನೇ' ಅಂದರು. ಜಿಮ್‌ನಲ್ಲಿ ಇರುವವರಿಗೆ ತಲೆ ನಿಂತದ್ದು ಕಾಣಿಸಿತ್ತು.

ಸ್ಟೈಲು ಅನ್ನುವುದು ದಿನಾ ಬೆಳಗ್ಗೆ ಯಾರೋ ಒಬ್ಬರು ನಿಂತು ಬೈದು ಮಾಡಿಸುವ ಕೆಲಸ. ಬೈಯುವವರನ್ನೇ ಕಳಿಸಿದರೆ ಅದು ಇರಲ್ಲ.

ಕಡಲತಡಿ ಕಿಣಿ

ಟೋಕಿಯೋ ಕಾರ್ನರ್ ವಿಷಯ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ! ಟೈಸನ್‌ನ ಎಡಗಣ್ಣು ಊದಿಕೊಂಡು ಮುಚ್ಚುತ್ತಾ ಬಂದಿದೆ. ಊತ ಒತ್ತಿ ಇಳಿಸಲಿಕ್ಕೆ ಐಸ್‌ನಲ್ಲಿಟ್ಟ ಒಂದು ಚಪ್ಪಟೆ ಕಬ್ಬಿಣದ ತುಂಡು ಇರುತ್ತದೆ, ಯಾವ ಸಣ್ಣ ಊರಿನ ಫೈಟ್‌ಗೂ ಅದನ್ನು ಒಯ್ಯುತ್ತಾರೆ. ಪ್ರಪಂಚದ ಹೆವಿವೇಟ್ ಚಾಂಪಿಯನ್ನಿನ ಕಾರ್ನರ್‌ನಲ್ಲಿ ಅದು ಇಲ್ಲ! ರಬ್ಬರ್ ಗ್ಲೌಸ್‌ನಲ್ಲಿ ಐಸ್ ನೀರು ತುಂಬಿ, ಬಲೂನಿನ ಹಾಗೆ ಕಣ್ಣಿಗೆ ಒತ್ತಿ ಹಿಡಿದಿದ್ದಾರೆ. ವಿಡಿಯೋದಲ್ಲಿ ಚೆಂದ ಕಾಣುತ್ತದೆ.

ಅವತ್ತು ಆ ಕಾರ್ನರ್‌ನಲ್ಲಿದ್ದ ಆರನ್ ಸ್ನೋವೆಲ್, ಜೇ ಬ್ರೈಟ್ ಇಬ್ಬರೂ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಬ್ರೈಟ್ ಕೂಡ ಕಸ್ ಮನೆಯಲ್ಲೇ ಬೆಳೆದವ. ಆದರೆ 'ನೀನು ಇವತ್ತು ಸೋಲುತ್ತಿದ್ದೀ' ಅಂತ ಟೈಸನ್ ಮುಖಕ್ಕೆ ಹೇಳುವ ಧೈರ್ಯ ಆ ಮೂಲೆಯಲ್ಲಿ ಯಾರಿಗೂ ಇರಲಿಲ್ಲ. ಅದಕ್ಕೂ ಕೆಲವು ದಿನ ಮುಂಚೆ ಸ್ಪಾರಿಂಗ್‌ನಲ್ಲಿ (ಅಭ್ಯಾಸದ ಫೈಟ್‌ನಲ್ಲಿ) ಗ್ರೆಗ್ ಪೇಜ್ ಅವನನ್ನು ಕೆಳಗೆ ಬೀಳಿಸಿದ್ದ. ಆಗಲೂ ಯಾರಾದರೂ ಎಚ್ಚರಿಸಿದರಾ?

ನಮ್ಮಲ್ಲಿ ಕಂಬಳ ನೋಡಿದವರಿಗೆ ಗೊತ್ತು. ಕೋಣ ಅದೇ, ಗದ್ದೆ ಅದೇ, ಹಿಂದೆ ಓಡಿಸುವವ ಬದಲಾದರೆ ಓಟ ಬೇರೆಯೇ ಆಗುತ್ತದೆ.

ಜ್ಯಾಬ್ ಜಗ್ಗ

ಕಿಣಿಯವರೇ, ಕೋಣಕ್ಕೆ ಮ್ಯಾನೇಜರ್ ಬದಲಿಸುವ ಅಧಿಕಾರ ಇಲ್ಲ. ಟೈಸನ್‌ಗೆ ಇತ್ತು. ರೂನಿಯನ್ನು ಕಳಿಸಿದ್ದು ಅವನೇ. 'ಪರಿಸ್ಥಿತಿ' ಅಂತ ನಾವು ಕರೆಯುವುದರಲ್ಲಿ ಅರ್ಧ ಅವನೇ ಮಾಡಿಕೊಂಡದ್ದು.

ಸೌತ್‌ಪಾ ಸುಮಾ

ಜಗ್ಗ, ಆ ಮಾತು ನಾನೂ ಒಪ್ಪುತ್ತೇನೆ. ಅದಕ್ಕೇ ಕಸ್ ಸಾವನ್ನು ನಾನು ಪಟ್ಟಿಯಲ್ಲಿ ಸೇರಿಸಲಿಲ್ಲ, ಗಮನಿಸಿದಿರಾ?

ಟೈಸನ್ ಬ್ರೂಕ್ಲಿನ್‌ನ ಬ್ರೌನ್ಸ್‌ವಿಲ್ ಹುಡುಗ. ಬಾಲಾಪರಾಧಿಗಳ ಶಾಲೆಯಲ್ಲಿದ್ದಾಗ ಅಲ್ಲಿನ ಬಾಬಿ ಸ್ಟೂವರ್ಟ್ ಕರೆದುಕೊಂಡು ಹೋಗಿ ಕಸ್‌ಗೆ ತೋರಿಸಿದ. ತಾಯಿ 1982ರಲ್ಲಿ ತೀರಿಕೊಂಡರು, ಕಸ್ ಕಾನೂನು ಪ್ರಕಾರ ಅವನ ಪೋಷಕರಾದರು. ಕ್ಯಾಟ್ಸ್‌ಕಿಲ್‌ನ ಆ ಮನೆಯೇ ಅವನ ಮನೆ. 1985ರ ನವೆಂಬರ್ 4ರಂದು ಕಸ್ ಸತ್ತರು. ನವೆಂಬರ್ 13ಕ್ಕೆ ಹ್ಯೂಸ್ಟನ್‌ನಲ್ಲಿ ಟೈಸನ್ ರಿಂಗ್‌ನಲ್ಲಿದ್ದ, ಮೊದಲ ರೌಂಡಿನಲ್ಲೇ ಗೆದ್ದ. ಒಂದು ವರ್ಷಕ್ಕೆ, 1986ರ ನವೆಂಬರ್ 22ರಂದು, ಬರ್ಬಿಕ್‌ನನ್ನು ಸೋಲಿಸಿ ಇತಿಹಾಸದಲ್ಲೇ ಅತಿ ಚಿಕ್ಕ ವಯಸ್ಸಿನ ಹೆವಿವೇಟ್ ಚಾಂಪಿಯನ್ ಆದ.

ಅಂದರೆ ಜೀವನದ ಅತಿ ದೊಡ್ಡ ಸಾವು ಅವನನ್ನು ನಿಲ್ಲಿಸಲಿಲ್ಲ. ಯಾಕೆ? ಕಸ್ ಹೋದರೂ ಅವರ ದಿನಚರಿ ಹೋಗಲಿಲ್ಲ. ಜೇಕಬ್ಸ್ ಇದ್ದರು, ರೂನಿ ಇದ್ದರು, ಮನೆಯಲ್ಲಿ ಕಸ್ ಅವರ ಸಂಗಾತಿ ಕ್ಯಾಮಿಲ್ ಇದ್ದರು, ಬೆಳಗಿನ ಓಟ ಇತ್ತು. ಮುಂದಿನ ಫೈಟ್ ತಾರೀಖು ಯಾರೋ ಬರೆದಿಟ್ಟಿರುತ್ತಿದ್ದರು. ದುಃಖಪಡಲೂ ಪುರುಸೊತ್ತು ಇರಲಿಲ್ಲ. 1988ರಲ್ಲಿ ಆ ದಿನಚರಿಯೇ ಹೋಯಿತು. ನಾನು ಹೇಳುತ್ತಿರುವುದು ಅದನ್ನು.

ನೈಟ್‌ಶಿಫ್ಟ್ ನವೀನ

ಎಲ್ಲರೂ ಟೈಸನ್ ಬಗ್ಗೆಯೇ ಮಾತಾಡ್ತಿದ್ದೀರ. ಈ ವಿಷಯಕ್ಕೆ ಅಸಲಿ ಉದಾಹರಣೆ ಎದುರು ಮೂಲೆಯಲ್ಲಿ ನಿಂತಿದ್ದ. ಬಸ್ಟರ್ ಡಗ್ಲಸ್‌ನ ಪ್ರೈಮ್ ಎಷ್ಟು ದಿನ? ಒಂದು ರಾತ್ರಿ. (ಅಮೆರಿಕದ ಟಿವಿಗೆ ಅನುಕೂಲ ಆಗಲಿ ಅಂತ ಟೋಕಿಯೋದಲ್ಲಿ ಅದು ಮಧ್ಯಾಹ್ನದ ಹೊತ್ತಿಗೆ ನಡೆದದ್ದು, ಇರಲಿ.)

1987ರಲ್ಲಿ ಟೋನಿ ಟಕರ್ ವಿರುದ್ಧ ಇವನಿಗೆ ಟೈಟಲ್ ಚಾನ್ಸ್ ಸಿಕ್ಕಿತ್ತು. ಚೆನ್ನಾಗಿ ಆಡ್ತಾ ಆಡ್ತಾ ಹತ್ತನೇ ರೌಂಡಿನಲ್ಲಿ ಕೈಬಿಟ್ಟ. 'ಪ್ರತಿಭೆ ಇದೆ, ಮನಸ್ಸಿಲ್ಲ' ಅಂತ ಹಣೆಪಟ್ಟಿ ಬಿತ್ತು. ಅಪ್ಪ ಬಿಲ್ಲಿ ಡಗ್ಲಸ್ ಒಳ್ಳೇ ಬಾಕ್ಸರ್, ಬೆಂಕಿ ಥರ ಆಡ್ತಿದ್ದವರು. ಮಗ ಮೆತ್ತಗಿನವನು. ಆ ಹೋಲಿಕೆ ಕೊನೇವರೆಗೂ ಬಿಡಲಿಲ್ಲ. ಟೋಕಿಯೋಗೆ ಬರುವಾಗ 29 ಗೆಲುವು, 4 ಸೋಲು, ಒಂದು ಡ್ರಾ. ಬೆಟ್ಟಿಂಗ್ ಅವನ ವಿರುದ್ಧ 42ಕ್ಕೆ 1.

ಫೈಟ್‌ಗೆ ಮೂರು ವಾರ ಇದ್ದಾಗ ಅಮ್ಮ ಲೂಲಾ ಪರ್ಲ್ ತೀರಿಕೊಂಡರು. ಹೆಂಡತಿ ದೂರ ಆಗಿದ್ದಳು. ಮಗನ ತಾಯಿಗೆ ಗಂಭೀರ ಕಾಯಿಲೆ. ಇಷ್ಟೆಲ್ಲ ತಲೆ ಮೇಲಿದ್ದವನು ಬಂದು ಜೀವನದಲ್ಲಿ ಎಂದೂ ಆಡದ ಹಾಗೆ ಆಡಿದ. ಎಂಟನೇ ರೌಂಡ್ ಕೊನೆಯಲ್ಲಿ ಟೈಸನ್‌ನ ಅಪ್ಪರ್‌ಕಟ್ ಬಿದ್ದು ಕೆಳಗೆ ಹೋದಾಗ ಏನು ಮಾಡಿದ ನೋಡಿ: ಮುಷ್ಟಿಯಿಂದ ನೆಲಕ್ಕೆ ಗುದ್ದಿದ. ತನ್ನ ಮೇಲೇ ಸಿಟ್ಟು. ಛೇ, ಹೊಡೆಸಿಕೊಂಡುಬಿಟ್ಟೆನಲ್ಲ ಅನ್ನೋ ಥರ. ಒಂಬತ್ತಕ್ಕೆ ಎದ್ದ. 1987ರ ಡಗ್ಲಸ್ ಎದ್ದೇಳ್ತಿರಲಿಲ್ಲ ಗುರು. ಹತ್ತನೇ ರೌಂಡಿನಲ್ಲಿ ಟೈಸನ್ ಬಿದ್ದ, ಕೆಳಗೆ ತಡಕಾಡಿ ಮೌತ್‌ಗಾರ್ಡ್ ಹುಡುಕಿ, ಅದರ ತುದಿ ಕಚ್ಚಿಕೊಂಡು ಏಳಲು ನೋಡಿದ. ಆ ಚಿತ್ರ ಎಲ್ಲರಿಗೂ ಗೊತ್ತು.

ಎಂಟು ತಿಂಗಳಿಗೆ, ಅಕ್ಟೋಬರ್ 25, ಹೋಲಿಫೀಲ್ಡ್ ವಿರುದ್ಧ ಡಗ್ಲಸ್ 246 ಪೌಂಡ್ ತೂಗಿದ. ಟೋಕಿಯೋದಲ್ಲಿ 231 ಚಿಲ್ಲರೆ. ಎರಡು ಕೋಟಿ ಡಾಲರ್‌ಗೂ ಮೇಲೆ ಸಂಭಾವನೆ. ಮೂರನೇ ರೌಂಡಿನಲ್ಲಿ ಔಟ್.

ಜ್ಯಾಬ್ ಜಗ್ಗ

'ಅಮ್ಮ ಸತ್ತರು, ಅದಕ್ಕೇ ಗೆದ್ದ' ಅನ್ನೋದು ಸಿನಿಮಾ ಕಥೆ ನವೀನ. ಅಮ್ಮ ಸತ್ತು ಮರುವಾರ ಸೋತ ಬಾಕ್ಸರ್‌ಗಳು ಎಷ್ಟು ಜನ ಇದ್ದಾರೋ! ಅವರ ಕಥೆ ಯಾರೂ ಬರೆಯುವುದಿಲ್ಲ. ಗೆದ್ದವನ ದುಃಖಕ್ಕೆ ಮಾತ್ರ ಬೆಲೆ.

ಡಗ್ಲಸ್ ಗೆದ್ದದ್ದು ಜ್ಯಾಬ್‌ನಿಂದ. ಅವನಿಗೆ ಅದು ಮೊದಲಿಂದಲೂ ಇತ್ತು.

ಹಳೇ ಗ್ಲೌಸ್

ಇತ್ತು. ಆದರೆ ಹತ್ತು ರೌಂಡ್ ಅದನ್ನು ಹಾಕುವ ಮನಸ್ಸು ಇರಲಿಲ್ಲ. ಎರಡನ್ನೂ ಬೇರೆ ಮಾಡಿ ನೋಡಬೇಡಿ ಜಗ್ಗ.

ದುಃಖ ಶಕ್ತಿ ಕೊಡುತ್ತದೆ ಅನ್ನುವುದನ್ನು ನಾನೂ ನಂಬುವುದಿಲ್ಲ. ಮನೆಯಲ್ಲಿ ಸಾವಾದ ಹುಡುಗರು ಜಿಮ್‌ಗೆ ಬರುವುದನ್ನು ನೋಡಿದ್ದೇನೆ. ನಿದ್ದೆ ಇರುವುದಿಲ್ಲ, ಊಟ ಸೇರುವುದಿಲ್ಲ, ಕಾಲು ಭಾರ. ಆದರೆ ಒಂದು ಹೋಗಿರುತ್ತದೆ: ಹೆದರಿಕೆ. 'ಇನ್ನು ಇದಕ್ಕಿಂತ ಏನಾಗಬೇಕು' ಅನ್ನುವ ಸ್ಥಿತಿ. ಆ ಕಾಲದ ಟೈಸನ್ ಅರ್ಧ ಫೈಟ್ ಗೆಲ್ಲುತ್ತಿದ್ದದ್ದು ಎದುರಾಳಿಯ ಹೆದರಿಕೆಯಿಂದ. ಸ್ಪಿಂಕ್ಸ್ ರಿಂಗ್‌ಗೆ ನಡೆದು ಬರುವಾಗಿನ ಮುಖ ನೋಡಿ. ಪಾಪ, ಅಲ್ಲೇ ಸೋತಿದ್ದಾನೆ. ಡಗ್ಲಸ್ ಬಳಿ ಆ ಒಂದು ದಿನ ಹೆದರಿಕೆಗೆ ಜಾಗವೇ ಇರಲಿಲ್ಲ. ಟೈಸನ್‌ನ ಮುಖ್ಯ ಆಯುಧ ಅವನ ಮೇಲೆ ಕೆಲಸ ಮಾಡಲಿಲ್ಲ. ಅಷ್ಟೇ ಆದದ್ದು. ಅದು ತಿಂಗಳುಗಟ್ಟಲೆ ಇರುವ ಸ್ಥಿತಿಯೂ ಅಲ್ಲ. ಅಕ್ಟೋಬರ್ ಹೊತ್ತಿಗೆ ಅವನು ಮತ್ತೆ ಹಳೇ ಡಗ್ಲಸ್, ಕೈಯಲ್ಲಿ ದುಡ್ಡು ಬೇರೆ.

ಮೂರನೇ ರೌಂಡ್ ಮೀನಾ

ಎರಡು ಮಾತು.

ಒಂದು: ಟೈಸನ್ ಬಗ್ಗೆ ಎಲ್ಲಿ ಚರ್ಚೆ ನಡೆದರೂ ಎಲ್ಲವನ್ನೂ ಅವನ ಆಗಿನ ಹೆಂಡತಿ ರಾಬಿನ್ ಗಿವನ್ಸ್ ತಲೆಗೆ ಕಟ್ಟುತ್ತಾರೆ. ಇಲ್ಲೂ ಜಗ್ಗ ಅವರು ತಮಾಷೆಗೆ ಆ ಮಾತು ತಂದಿದ್ದಾರೆ, ಬೇರೆ ಯಾರಾದರೂ ನಿಜವಾಗಿ ತರುವ ಮೊದಲೇ ಹೇಳಿಬಿಡುತ್ತೇನೆ. ಮದುವೆ ಆದದ್ದು 1988ರ ಫೆಬ್ರವರಿ. ಸ್ಪಿಂಕ್ಸ್ ಫೈಟ್ ಅದೇ ಜೂನ್. ಹೆಂಡತಿಯಿಂದ ಹಾಳಾದ ಅನ್ನುವುದಾದರೆ ಜೀವನದ ಅತ್ಯುತ್ತಮ 91 ಸೆಕೆಂಡ್ ಮದುವೆಯಾಗಿ ನಾಲ್ಕು ತಿಂಗಳಿಗೆ ಹೇಗೆ ಬಂತು? ಆ ಸೆಪ್ಟೆಂಬರ್‌ನಲ್ಲಿ ಆಕೆ ಟಿವಿಯಲ್ಲಿ, ಅವನ ಪಕ್ಕದಲ್ಲೇ ಕೂತು, ತನಗೆ ಅವನೆಂದರೆ ಭಯ ಅಂತ ಹೇಳಿದಳು. 1992ರಲ್ಲಿ ಅತ್ಯಾಚಾರದ ಕೇಸಿನಲ್ಲಿ ಅವನು ಅಪರಾಧಿ ಅಂತ ತೀರ್ಪಾಯಿತು, 1995ರವರೆಗೆ ಜೈಲು. ಇದನ್ನು 'ಪ್ರೈಮ್ ಕಳೆದುಕೊಂಡ ಪಾಪದ ಹುಡುಗ'ನ ಕಥೆ ಮಾಡಬೇಡಿ ದಯವಿಟ್ಟು.

ಎರಡು: ಪರಿಸ್ಥಿತಿ ಅಂದರೆ ಏನು ಅಂತ ತಿಳಿಯಬೇಕಾದರೆ ಅಮೆರಿಕಕ್ಕೆ ಯಾಕೆ ಹೋಗಬೇಕು? ಮೇರಿ ಕೋಮ್ ನೋಡಿ. ಮಣಿಪುರದ ಕೃಷಿ ಕೂಲಿ ಮಾಡುತ್ತಿದ್ದ ಮನೆಯವರು. 2002, 2005, 2006, ಮೂರು ವಿಶ್ವ ಚಾಂಪಿಯನ್‌ಷಿಪ್ ಚಿನ್ನ. 2007ರಲ್ಲಿ ಅವಳಿ ಮಕ್ಕಳು. ಅಲ್ಲಿಗೆ ಮುಗಿಯಿತು ಅಂದವರೇ ಎಲ್ಲ. 2008ರಲ್ಲಿ ಚೀನಾದ ನಿಂಗ್ಬೋದಲ್ಲಿ ಮತ್ತೆ ಚಿನ್ನ, 2010ರಲ್ಲಿ ಮತ್ತೆ. ಒಲಿಂಪಿಕ್ಸ್‌ನಲ್ಲಿ ಅವರ 48 ಕೆಜಿ ವಿಭಾಗವೇ ಇರಲಿಲ್ಲ, 51ಕ್ಕೆ ಏರಿ ತಮಗಿಂತ ದೊಡ್ಡವರ ಜೊತೆ ಆಡಿ 2012ರಲ್ಲಿ ಲಂಡನ್‌ನಲ್ಲಿ ಕಂಚು ತಂದರು. ಮೊದಲ ಪಂದ್ಯ ಆಗಸ್ಟ್ 5ಕ್ಕೆ, ಅವತ್ತೇ ಅವಳಿ ಮಕ್ಕಳ ಐದನೇ ಹುಟ್ಟುಹಬ್ಬ. 2013ರಲ್ಲಿ ಮೂರನೇ ಮಗು, 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್ ಚಿನ್ನ, 2018ರಲ್ಲಿ ದೆಹಲಿಯಲ್ಲಿ ಆರನೇ ವಿಶ್ವ ಚಿನ್ನ.

ಇವರ ಪ್ರೈಮ್ ಯಾವುದು ಹೇಳಿ? ನಡುವೆ ಎರಡು ಸಲ ಹೆರಿಗೆ ರಜೆ ಇರುವ ಹದಿನಾರು ವರ್ಷ! ಗಂಡ ಓನ್ಲರ್ ಮನೆ ನೋಡಿಕೊಂಡರು, ಮಕ್ಕಳನ್ನು ನೋಡಿಕೊಂಡರು. ಅದಿಲ್ಲದಿದ್ದರೆ 2006ಕ್ಕೇ ಕಥೆ ಮುಗಿಯುತ್ತಿತ್ತು. ಸುಮಾ ಹೇಳಿದ ದಿನಚರಿ ಮಾತಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ಗಂಡು ಬಾಕ್ಸರ್‌ಗಳ ವಿಷಯದಲ್ಲಿ ಮಾತ್ರ ಇದು ದೊಡ್ಡ ರಹಸ್ಯದ ಥರ ಚರ್ಚೆಯಾಗುತ್ತದೆ. ಹೆಣ್ಣುಮಕ್ಕಳಿಗೆ ಮೊದಲ ದಿನದಿಂದಲೇ ಗೊತ್ತು, ಮನೆಯಲ್ಲಿ ಯಾರಾದರೂ ಹಿಡಿದು ನಿಲ್ಲಿಸದಿದ್ದರೆ ರಿಂಗ್‌ವರೆಗೆ ಹೋಗುವುದೇ ಆಗಲ್ಲ.

ಸೌತ್‌ಪಾ ಸುಮಾ

ಮೀನಕ್ಕ, ಮೊದಲನೇ ಮಾತಿಗೆ ನೂರು ಸಲ ಹೌದು. ಲವ್ಲೀನಾ ಬೊರ್ಗೊಹೈನ್ ಅವರನ್ನೂ ಸೇರಿಸಿ. 2020ರಲ್ಲಿ ಅಮ್ಮನಿಗೆ ಕಿಡ್ನಿ ಕಸಿ, ಆಮೇಲೆ ತಮಗೇ ಕೋವಿಡ್, ಯುರೋಪ್ ತರಬೇತಿ ತಪ್ಪಿತು. ಮರುವರ್ಷ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕಂಚು.

ತುಮಕೂರು ಪ್ಯಾಸೆಂಜರ್

ಪನಾಮಾದ ಬಾಕ್ಸರ್ ರಾಬರ್ಟೊ ಡುರಾನ್ ಮರೆತ್ರಾ ಎಲ್ಲರೂ? 1980 ಜೂನ್ 20, ಮಾಂಟ್ರಿಯಲ್, ಶುಗರ್ ರೇ ಲೆನಾರ್ಡ್‌ನನ್ನು 15 ರೌಂಡ್ ಅಟ್ಟಾಡಿಸಿ ಗೆದ್ದ. ನವೆಂಬರ್ 25, ನ್ಯೂ ಆರ್ಲಿಯನ್ಸ್, ಎಂಟನೇ ರೌಂಡಿನಲ್ಲಿ ಬೆನ್ನು ತಿರುಗಿಸಿ ಸಾಕು ಅಂದ. ಐದು ತಿಂಗಳು. ಮಧ್ಯೆ ಏನು? ಪಾರ್ಟಿ, ಊಟ, ತೂಕ. ಲೆನಾರ್ಡ್‌ಗೆ ಇದು ಗೊತ್ತಿತ್ತು, ಅದಕ್ಕೇ ಬೇಕೂಂತಲೇ ರಿಮ್ಯಾಚ್ ಬೇಗ ಇಡಿಸಿದ. ಎದುರಾಳಿಯ ಪ್ರೈಮ್ ಯಾವಾಗ ಇಲ್ಲ ಅಂತ ಲೆಕ್ಕ ಹಾಕೋದೂ ಒಂದು ಕಲೆ ಕಣ್ರೀ.

ಆದರೆ ಅದೇ ಡುರಾನ್ 1983ರಲ್ಲಿ ತನ್ನ 32ನೇ ಹುಟ್ಟುಹಬ್ಬದ ದಿನ ಡೇವಿ ಮೂರ್‌ನನ್ನು ಹಣಿದು ಇನ್ನೊಂದು ಟೈಟಲ್ ಹೊಡೆದ. 1989ರಲ್ಲಿ ಬಾರ್ಕ್ಲಿ ವಿರುದ್ಧ ಇನ್ನೊಂದು. ಅವಮಾನವೂ ಒಂದು ಟ್ರೇನರ್ರೇ.

ನೈಟ್‌ಶಿಫ್ಟ್ ನವೀನ

ಹಾಗಾದ್ರೆ ಅಲಿ? ಅಲ್ಲಿ ಮನಸ್ಸು ಗಟ್ಟಿ ಇತ್ತು, ಪರಿಸ್ಥಿತಿಯೇ ಪ್ರೈಮ್ ನುಂಗಿತು. 1966ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ವಿರುದ್ಧದ ಫೈಟ್ ನೋಡಿ. ಹೆವಿವೇಟ್ ಹಾಗೆ ಕುಣಿದದ್ದನ್ನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಸೈನ್ಯಕ್ಕೆ ಸೇರಲ್ಲ ಅಂದ, ಲೈಸೆನ್ಸ್ ಹೋಯ್ತು, ಟೈಟಲ್ ಹೋಯ್ತು. 25ನೇ ವಯಸ್ಸಿಂದ 28ರವರೆಗೆ ಒಂದೂ ಫೈಟ್ ಇಲ್ಲ. ವಾಪಸ್ ಬಂದದ್ದು 1970ರ ಅಕ್ಟೋಬರ್, ಅಟ್ಲಾಂಟಾದಲ್ಲಿ ಜೆರ್ರಿ ಕ್ವಾರಿ ಎದುರು. ಸುಪ್ರೀಂ ಕೋರ್ಟ್ 1971ರ ಜೂನ್‌ನಲ್ಲಿ ಅವನ ಪರ 8-0 ತೀರ್ಪು ಕೊಟ್ಟಿತು. ಗೌರವ ವಾಪಸ್ ಬಂತು, ಕಾಲು ವಾಪಸ್ ಬರಲಿಲ್ಲ.

ಹಳೇ ಗ್ಲೌಸ್

ಕಾಲು ಹೋದ ಮೇಲೆ ಅಲಿ ಕಂಡುಕೊಂಡದ್ದು ಬೇರೆ: ತನಗೆ ಏಟು ತಡೆಯುವ ಶಕ್ತಿ ಇದೆ ಅಂತ. ಮೊದಲು ಅವನಿಗೆ ಅದು ಗೊತ್ತೇ ಇರಲಿಲ್ಲ, ಯಾರೂ ಸರಿಯಾಗಿ ಹೊಡೆದಿದ್ದರೆ ತಾನೆ! 1974ರ ಕಿನ್ಶಾಸಾ ಫೈಟ್ ಗೆದ್ದದ್ದು ಆ ಎರಡನೇ ಅಲಿ. ಹಗ್ಗಕ್ಕೆ ಒರಗಿ ನಿಂತು ಫೋರ್‌ಮನ್ ಕೈ ಸುಸ್ತಾಗುವವರೆಗೆ ಹೊಡೆಸಿಕೊಂಡ. 1967ರ ಅಲಿ ಹಾಗೆ ಯಾವತ್ತೂ ಆಡುತ್ತಿರಲಿಲ್ಲ. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು.

ಕಡಲತಡಿ ಕಿಣಿ

ಫೋರ್‌ಮನ್ ಹೆಸರು ಬಂತಲ್ಲ, ಈಗ ನನ್ನ ಸರದಿ. ಇಷ್ಟದ ಮನುಷ್ಯ.

ಒಂದೇ ಮೈಯಲ್ಲಿ ಇಬ್ಬರು ಬಾಕ್ಸರ್. ಮೊದಲನೆಯವ ಸಿಟ್ಟಿನ ಮೂಟೆ, ಯಾರ ಹತ್ತಿರವೂ ನಗುವುದಿಲ್ಲ, ಎದುರಾಳಿಯನ್ನು ಕೊಂದೇ ಬಿಡುವ ಹಾಗೆ ನೋಡುವವ. ಕಿನ್ಶಾಸಾದಲ್ಲಿ ಎಂಟನೇ ರೌಂಡಿಗೆ ದಮ್ಮು ಹೋಗಿ ಬಿದ್ದ. 1977ರಲ್ಲಿ ಸ್ಯಾನ್ ವಾನ್‌ನಲ್ಲಿ ಜಿಮ್ಮಿ ಯಂಗ್ ವಿರುದ್ಧ ಸೋತು, ಡ್ರೆಸ್ಸಿಂಗ್ ರೂಮಿನಲ್ಲಿ ತನಗೆ ದೇವರ ದರ್ಶನ ಆಯಿತು ಅಂತ ಹೇಳಿ ಬಾಕ್ಸಿಂಗೇ ಬಿಟ್ಟ. ಹತ್ತು ವರ್ಷ ಹ್ಯೂಸ್ಟನ್‌ನಲ್ಲಿ ಪ್ರವಚನ, ಹುಡುಗರಿಗಾಗಿ ಒಂದು ಯುವ ಕೇಂದ್ರ. 1987ರಲ್ಲಿ ವಾಪಸ್ ಬಂದದ್ದು ಆ ಕೇಂದ್ರಕ್ಕೆ ದುಡ್ಡು ಬೇಕು ಅಂತ. ಹೊಟ್ಟೆ ಬಂದಿತ್ತು, ತಲೆ ಬೋಳು, ಜನ ನಕ್ಕರು. ಅವನೂ ನಕ್ಕ.

1994ರ ನವೆಂಬರ್ 5. ಎದುರಿಗೆ ಮೈಕಲ್ ಮೂರರ್, 26 ವರ್ಷದವ. ಫೋರ್‌ಮನ್‌ಗೆ 45. ಕಿನ್ಶಾಸಾದಲ್ಲಿ ಸೋತಾಗ ಹಾಕಿದ್ದ ಅದೇ ಕೆಂಪು ಚಡ್ಡಿ ಹಾಕಿಕೊಂಡು ಬಂದ. ರೌಂಡ್ ಮಧ್ಯೆ ಸ್ಟೂಲ್ ಮೇಲೆ ಕೂರುವುದೇ ಇಲ್ಲ, ನಿಂತೇ ಇರುತ್ತಾನೆ. ಒಂಬತ್ತು ರೌಂಡ್ ಸೋಲುತ್ತಲೇ ಇದ್ದ. ಮುಖದಲ್ಲಿ ಒಂದು ಚೂರು ಗಾಬರಿ ಇಲ್ಲ. ಹತ್ತನೇ ರೌಂಡಿನಲ್ಲಿ ಒಂದು ಸಣ್ಣ ಬಲಗೈ, ಮುಗಿಯಿತು. 25 ವರ್ಷದ ಫೋರ್‌ಮನ್‌ಗೆ ಅಷ್ಟು ತಾಳ್ಮೆ ಇದ್ದಿದ್ದರೆ ಕಿನ್ಶಾಸಾ ಕಥೆಯೇ ಬೇರೆ.

ಜ್ಯಾಬ್ ಜಗ್ಗ

ಇದ್ದಿದ್ದರೆ, ಇದ್ದಿದ್ದರೆ. ಆ ತಾಳ್ಮೆ ಬಂದದ್ದೇ ಕಿನ್ಶಾಸಾದಲ್ಲಿ ಸೋತದ್ದರಿಂದ ತಾನೆ?

ನನ್ನ ಪಾಯಿಂಟ್ ಒಂದೇ. ಮನಸ್ಸು ಪಂಚ್ ಹುಟ್ಟಿಸುವುದಿಲ್ಲ, ಇರುವ ಪಂಚನ್ನು ಎಷ್ಟು ವರ್ಷ ಕಾಪಾಡುತ್ತದೆ ಅನ್ನುವುದಷ್ಟೇ ಮನಸ್ಸಿನ ಕೆಲಸ. ಬರ್ನಾರ್ಡ್ ಹಾಪ್ಕಿನ್ಸ್ ನೋಡಿ. ಹದಿಹರೆಯದಲ್ಲೇ ಜೈಲು, ಪೆನ್ಸಿಲ್ವೇನಿಯಾದ ಗ್ರೇಟರ್‌ಫೋರ್ಡ್. ಸುಮಾರು ಐದು ವರ್ಷ ಕಳೆದು 1988ರಲ್ಲಿ ಹೊರಬಂದ. ಮೊದಲ ಪ್ರೊ ಫೈಟ್ ಸೋತ. ಆಮೇಲೆ ಊಟ, ನಿದ್ದೆ, ಓಟ, ಎಲ್ಲದರಲ್ಲೂ ಅದೇ ಜೈಲಿನ ಶಿಸ್ತು. 36ನೇ ವಯಸ್ಸಿನಲ್ಲಿ ಫೆಲಿಕ್ಸ್ ಟ್ರಿನಿಡಾಡ್‌ನನ್ನು ಮುಗಿಸಿದ, 46ರಲ್ಲಿ, 48ರಲ್ಲಿ ಮತ್ತೆ ಚಾಂಪಿಯನ್. ಟೈಸನ್ ಸುತ್ತ ಜನ ಇರಬೇಕಿತ್ತು ಅನ್ನುತ್ತೀರಿ. ಹಾಪ್ಕಿನ್ಸ್‌ಗೆ ಯಾರೂ ಬೇಕಾಗಲಿಲ್ಲ. ಅವನೇ ಅವನ ಕಸ್.

ಇನ್ನು ಬ್ರಿಟನ್ನಿನ ಹೆವಿವೇಟ್ ಟೈಸನ್ ಫ್ಯೂರಿ. 2015ರ ನವೆಂಬರ್‌ನಲ್ಲಿ ಕ್ಲಿಚ್ಕೋನನ್ನು ಸೋಲಿಸಿದ, ಬಯಸಿದ್ದೆಲ್ಲ ಸಿಕ್ಕಿತು, ಅಲ್ಲಿಂದಲೇ ಖಿನ್ನತೆ. ಕುಡಿತ, ಡ್ರಗ್ಸ್, ತೂಕ 400 ಪೌಂಡ್ ಹತ್ತಿರ. ಬೆಲ್ಟ್‌ಗಳನ್ನು ತಾನೇ ಬಿಟ್ಟುಕೊಟ್ಟ. 2018ರ ಡಿಸೆಂಬರ್‌ನಲ್ಲಿ ವೈಲ್ಡರ್ ಎದುರು ಹನ್ನೆರಡನೇ ರೌಂಡಿನಲ್ಲಿ ಬಿದ್ದು, ಸತ್ತೇಹೋದ ಅಂದುಕೊಳ್ಳುವಷ್ಟರಲ್ಲಿ ಎದ್ದು ಕೂತ. ಅವನಿಗೆ ಸೋಲಲ್ಲ, ಗೆಲುವೇ ಪ್ರೈಮ್ ಕಿತ್ತುಕೊಂಡದ್ದು. ಡಗ್ಲಸ್‌ಗೂ ಅದೇ ಆದದ್ದು ಅಂತ ಬೇಕಾದರೆ ಒಪ್ಪುತ್ತೇನೆ. ಅಮ್ಮನ ಕಥೆ ಮಾತ್ರ ಒಪ್ಪಲ್ಲ.

ಮೂರನೇ ರೌಂಡ್ ಮೀನಾ

ಹಾಪ್ಕಿನ್ಸ್ ಉದಾಹರಣೆ ಚೆನ್ನಾಗಿದೆ. ಆದರೆ ಜೈಲಿನ ದಿನಚರಿಯನ್ನೂ ಬೇರೆಯವರೇ ಹಾಕಿಕೊಟ್ಟದ್ದು ಅಲ್ವಾ? ಅವನು ಅದನ್ನು ಹೊರಗೆ ತಂದು ಇಟ್ಟುಕೊಂಡ. ಟೈಸನ್ ಕ್ಯಾಟ್ಸ್‌ಕಿಲ್‌ನ ದಿನಚರಿಯನ್ನು ಅಲ್ಲೇ ಬಿಟ್ಟು ಬಂದ. ವ್ಯತ್ಯಾಸ ಅಷ್ಟೇ ಅನ್ನಿಸುತ್ತದೆ ನನಗೆ. ವಯಸ್ಸೂ ನೋಡಿ: ಹಾಪ್ಕಿನ್ಸ್ ಚಾಂಪಿಯನ್ ಆದಾಗ 30. ಟೈಸನ್‌ಗೆ 20. ಇಪ್ಪತ್ತರಲ್ಲಿ ಅಷ್ಟು ದುಡ್ಡು ಕೊಟ್ಟು, ಎದುರು ಮಾತಾಡುವವರನ್ನೆಲ್ಲ ದೂರ ಮಾಡಿದರೆ ನಮ್ಮ ನಿಮ್ಮ ಮನೆ ಹುಡುಗರು ಏನಾಗುತ್ತಿದ್ದರು?

ಜ್ಯಾಬ್ ಜಗ್ಗ

ಅದು ಪಾಯಿಂಟು. ಟೋಕಿಯೋದಲ್ಲಿ ಜ್ಯಾಬೇ ಗೆದ್ದದ್ದು ಅನ್ನುವುದನ್ನು ಮಾತ್ರ ಬಿಡಲ್ಲ.

ತುಮಕೂರು ಪ್ಯಾಸೆಂಜರ್

ಸರಿ ಸಾರ್, ನಾನು ಆ ಕಾಲದ ಫೈಟ್‌ಗಳನ್ನು ಚೂರುಚೂರು ಕ್ಲಿಪ್‌ನಲ್ಲಿ ನೋಡಿದವನು. ರೂನಿ ಇದ್ದಾಗ ಮತ್ತು ಇಲ್ಲದಾಗ ವ್ಯತ್ಯಾಸ ಕಣ್ಣಿಗೆ ಕಾಣಬೇಕಾದರೆ ಯಾವುದನ್ನು ಪೂರ್ತಿ ನೋಡಲಿ? ಟೋಕಿಯೋ ಬಿಟ್ಟು ಹೇಳಿ, ಅಲ್ಲಿ ಸೋಲು ಮೊದಲೇ ಗೊತ್ತಿರೋದರಿಂದ ಎಲ್ಲವೂ ತಪ್ಪಾಗೇ ಕಾಣುತ್ತೆ.

ಹಳೇ ಗ್ಲೌಸ್

ಒಳ್ಳೆ ಪ್ರಶ್ನೆ. ಎರಡು ನೋಡು ತಮ್ಮಾ. ಮೊದಲು 1986ರ ಬರ್ಬಿಕ್ ಫೈಟ್, ಎರಡೇ ರೌಂಡ್ ಇದೆ. ಆಮೇಲೆ 1989ರ ಫೆಬ್ರವರಿ 25ರ ಫ್ರಾಂಕ್ ಬ್ರೂನೋ ಫೈಟ್, ರೂನಿ ಹೋದ ಮೇಲಿನ ಮೊದಲನೆಯದು. ಟೈಸನ್ ಐದನೇ ರೌಂಡಿನಲ್ಲಿ ಗೆದ್ದಿದ್ದಾನೆ, ಹಾಗಾಗಿ ಸೋಲಿನ ಕನ್ನಡಕ ಬೇಡ. ಬ್ರೂನೋ ಶುರುವಿನಲ್ಲೇ ಕೆಳಗೆ ಬೀಳುತ್ತಾನೆ, ಅದನ್ನು ಬಿಡು. ಮೊದಲ ರೌಂಡಿನ ಕೊನೆಯ ಭಾಗ ನಿಧಾನವಾಗಿ ನೋಡು. ಟೈಸನ್ ಹೊಡೆದು ಅಲ್ಲೇ ನಿಲ್ಲುತ್ತಾನೆ, ತಲೆ ನೆಟ್ಟಗೆ, ಬ್ರೂನೋನ ಎಡ ಹುಕ್ ಬಂದು ಕೂರುತ್ತದೆ, ಕಾಲು ಒಂದು ಕ್ಷಣ ಅದುರುತ್ತದೆ. ಬರ್ಬಿಕ್ ಫೈಟ್‌ನಲ್ಲಿ ಅದೇ ಜಾಗದಲ್ಲಿ ತಲೆ ಎಲ್ಲಿರುತ್ತಿತ್ತು ಅಂತ ಪಕ್ಕದಲ್ಲೇ ಹಾಕಿಕೊಂಡು ನೋಡು. ಸೌಂಡ್ ಇಟ್ಟುಕೋ, ಕಾರ್ನರ್‌ನಿಂದ ಯಾರು ಏನು ಕೂಗುತ್ತಾರೆ ಅನ್ನುವುದೂ ಕೇಳಬೇಕು.